ತಣ್ಣೀರಿನಲ್ಲಿ ತೊಳೆದ ಪಾದ

ನರರೋಗಗಳನ್ನು ಮಾತ್ರ ನೋಡುತ್ತೇನೆಂದು ಡಾಕ್ಟರ್ ಸಿವರ್ಟ್ ಹೌಗೆ ತಮ್ಮ ಬಾಗಿಲಿಗೆ ಹಲಗೆ ತೂಗುಹಾಕಿದಾಗ ಬರ್ಗೆನ್ ಎಂಬ ಬಂದರು ಪಟ್ಟಣದ ಜನ ಅದನ್ನು ಸೋಮಾರಿಯ ಕಸುಬು ಎಂದುಕೊಂಡರು. ಹೆರಿಗೆ ಮಾಡಿಸುವುದಿಲ್ಲ, ಮುರಿದ ಮೂಳೆ ಕೂರಿಸುವುದಿಲ್ಲ, ಹಲ್ಲು ಕೀಳುವುದಿಲ್ಲ. ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ತಲೆಯಾಡಿಸುವುದಕ್ಕೆ ಶುಲ್ಕ ಬೇರೆ. ಹಗ್ಗ ಹೊಸೆಯುತ್ತಿದ್ದ ಅವರ ತಂದೆಗೂ ಅನುಮಾನವಿತ್ತು. ಮಗ ರಾಜಧಾನಿಯಲ್ಲಿ ಓದಿ, ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲೂ ಇದ್ದು ಬಂದಿದ್ದ.

“ಅಲ್ವೋ, ನೀನು ವಾಸಿ ಮಾಡೋದಾದ್ರೂ ಏನನ್ನ?”

“ಹೆಚ್ಚೇನಿಲ್ಲಪ್ಪ. ಏನಾಗಿದೆ ಅಂತ ಹೇಳ್ತೀನಿ.”

“ನಾಳೆ ಮಳೆ ಅಂತ ಬಂದರಿನ ಕುಡುಕನೂ ಹೇಳ್ತಾನೆ. ಅವನು ಕಾಸು ಕೇಳಲ್ಲ.”

ಆದರೆ ಆ ಕಾಲದಲ್ಲಿ ಏನಾಗಿದೆ ಎಂದು ಹೇಳುವುದೇ ದೊಡ್ಡ ಕೆಲಸವಾಗಿತ್ತು. ಬದುಕಿರುವವರ ಬೆನ್ನುಹುರಿಯೊಳಗೆ ಇಣುಕುವ ದಾರಿ ಇರಲಿಲ್ಲ. ವೈದ್ಯನ ಊಹೆ ಸರಿಯೋ ತಪ್ಪೋ ಎಂಬುದು ರೋಗಿ ಸತ್ತು, ಶವ ಕೊಯ್ದು ನೋಡಿದ ಮೇಲಷ್ಟೇ ತಿಳಿಯುತ್ತಿತ್ತು. ಅದರ ನಡುವೆ ಪ್ಯಾರಿಸ್ಸಿನಿಂದ ಒಂದು ಹೊಸ ಪರೀಕ್ಷೆ ಬಂದಿತ್ತು. ಅಂಗಾಲಿನ ಹೊರ ಅಂಚನ್ನು ಗೀರಿದರೆ ಆರೋಗ್ಯವಂತರ ಕಾಲಿನ ಹೆಬ್ಬೆರಳು ಕೆಳಕ್ಕೆ ಬಾಗುತ್ತದೆ. ಬೆನ್ನುಹುರಿ ಕೆಟ್ಟಿದ್ದರೆ ನಿಧಾನವಾಗಿ ಮೇಲಕ್ಕೆ ಏಳುತ್ತದೆ. ನಟಿಸಿ ಹಾಗೆ ಎಬ್ಬಿಸುವುದು ಯಾರಿಗೂ ಸುಲಭವಲ್ಲ. ಹೌಗೆ ಅವರಿಗೆ ಇದರ ಮೇಲೆ ಅಪಾರ ನಂಬಿಕೆ. ಅವರ ಕೊನೆಯ ವರ್ಷಗಳಲ್ಲಿ ನಾನು ಅವರ ಕೈಕೆಳಗೆ ಕೆಲಸ ಮಾಡಿದೆ. ಮುಂದಿನದನ್ನು ಅವರೇ ಹೇಳಿದ್ದರು, ವಿದ್ಯಾರ್ಥಿಗಳಿಗೂ ಹೇಳುತ್ತಿದ್ದರು.

ಒಂದು ಫೆಬ್ರವರಿಯಲ್ಲಿ ಹೊರದ್ವೀಪವೊಂದರಿಂದ ಬ್ರೀತಾ ಎಂಬ ವಿಧವೆಯನ್ನು, ಹೌಗೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ದೋಣಿಯಲ್ಲಿ ತಂದರು. ಹೆರಿಂಗ್ ಮೀನು ಸೀಳಿ ಉಪ್ಪು ಹಾಕುವ ಕೆಲಸದವಳು. ಎರಡೂ ಕಾಲು ಸೋತಿದ್ದವು. ಜೊತೆಗೆ ಗಂಡನ ತಂಗಿ ಗುರೋ ಬಂದಿದ್ದಳು. ಇದು ನಿಜವಾದ ರೋಗವೆಂದಾದರೆ ಊರಿನ ಬಡವರ ನಿಧಿಯಿಂದ ಬ್ರೀತಾಳಿಗೆ ಮನೆಯಲ್ಲೇ ಕಾಳುಕಡ್ಡಿ ಸಿಗುತ್ತಿತ್ತು. ನಟನೆ ಎಂದಾದರೆ ಏನೂ ಇಲ್ಲ, ಮೇಲಾಗಿ ಅವಳ ಮಕ್ಕಳನ್ನು ಬೇರೆ ಬೇರೆ ರೈತರ ಮನೆಗೆ ಹಂಚಿಬಿಡುತ್ತಿದ್ದರು. ನಿಧಿಯ ಹಿರಿಯರಾದ ಪಾದ್ರಿ ಆಸ್ಪತ್ರೆಯ ಮಾತಿಗೆ ಕಾದಿದ್ದರು.

ಹೌಗೆ ಅವರದೇ ಒಂದು ನಿಯಮವಿತ್ತು: ಮೀನಿನ ಕೆಲಸದವರ ಕಾಲನ್ನು ಉಜ್ಜಿ ತೊಳೆದೇ ತಮ್ಮ ಮುಂದೆ ತರಬೇಕು. ಆ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಆ ಬೆಳಿಗ್ಗೆಯೂ ದಾದಿಯರು ಬಾವಿಯ ನೀರಿನಲ್ಲಿ ಬ್ರೀತಾಳ ಪಾದ ತೊಳೆದು, ಬೆಂಕಿಯಿಲ್ಲದ ಉಪನ್ಯಾಸದ ಕೋಣೆಗೆ ಹೊತ್ತು ತಂದರು. ಸುತ್ತಿಗೆ ತಟ್ಟಿದಾಗ ಮೊಣಕಾಲುಗಳು ಜೋರಾಗಿ ಹಾರಿದವು. ಅದು ಬೆನ್ನುಹುರಿಯ ರೋಗದ ಗುರುತಿರಬಹುದು, ಆದರೆ ಹೆದರಿದವರಲ್ಲೂ ಹಾಗಾಗುತ್ತದೆ. ಅಂಗಾಲು ಗೀರಿದರು. ಹೆಬ್ಬೆರಳು ಅಲುಗಲಿಲ್ಲ. ಮತ್ತೆ ಗೀರಿದರು. ಇಲ್ಲ.

“ನರಗಳಲ್ಲಿ ದೋಷವಿಲ್ಲ. ಹಿಸ್ಟೀರಿಯಾ, ಮನಸ್ಸು ಆಡಿಸುವ ನಾಟಕ,” ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಆಸ್ಪತ್ರೆಯ ಮುಖ್ಯ ವೈದ್ಯರು ಅದನ್ನೇ ಪಾದ್ರಿಗೆ ಹೇಳಿಕಳಿಸಿದರು.

ಮಧ್ಯಾಹ್ನ ಹೌಗೆ ಊಟಕ್ಕೆ ಹೊರಟಾಗ ಬ್ರೀತಾ ಹಜಾರದ ಒಲೆಯ ಪಕ್ಕದ ಬೆಂಚಿನಲ್ಲಿ ದೋಣಿಗೆ ಕಾಯುತ್ತಿದ್ದಳು. ಗುರೋ ಅವಳ ಪಾದ ಕಾಯಿಸಿ ಉಣ್ಣೆಯ ಕಾಲುಚೀಲ ಏರಿಸುತ್ತಿದ್ದಳು. ಗುರೋಳ ಉಗುರು ಬ್ರೀತಾಳ ಅಂಗಾಲಿಗೆ ತಾಗಿತು.

“ನೋಡು ಅತ್ತಿಗೆ, ನಿನ್ನ ಹೆಬ್ಬೆರಳು ರಾಜನಿಗೆ ಸಲಾಮು ಹೊಡೀತಿದೆ!”

“ಸುಮ್ನಿರೇ. ಆ ಡಾಕ್ಟ್ರು ಕೇಳಿಸ್ಕೊಂಡ್ರೆ ಅದನ್ನೂ ನಾಟಕ ಅಂತಾರೆ.”

ಡಾಕ್ಟರು ಅಲ್ಲೇ ನಿಂತಿದ್ದರು. ಮಂಡಿಯೂರಿ, ಬೀಗದ ಕೈಯಿಂದ ತಾವೇ ಗೀರಿದರು. ಹೆಬ್ಬೆರಳು ನಿಧಾನವಾಗಿ ಮೇಲೆದ್ದಿತು. ಇನ್ನೊಂದು ಪಾದದ್ದೂ ಎದ್ದಿತು. ಬೆಳಿಗ್ಗೆ ತಾವು ಗೀರಿದ್ದು ಹಿಮದಂತೆ ಮರಗಟ್ಟಿದ ಪಾದವನ್ನು ಎಂಬುದು ಅವರಿಗೆ ಆಗ ಹೊಳೆಯಿತು.

ಮುಖ್ಯ ವೈದ್ಯರಿಗೆ ಇದು ಹಿಡಿಸಲಿಲ್ಲ. “ವಿದ್ಯಾರ್ಥಿಗಳ ಮುಂದೆ ಹೇಳಿದ್ದೀಯ, ಊರಿಗೂ ಹೇಳಿಕಳಿಸಿದ್ದಾಯ್ತು. ಈಗ ತಪ್ಪು ಅಂದ್ರೆ ನಾಳೆ ನಿನ್ನ ಹೆಬ್ಬೆರಳನ್ನ ಯಾರಯ್ಯ ನಂಬ್ತಾರೆ?”

“ಯಾರೂ ನಂಬದೆ ಇರಬಹುದು. ಆದ್ರೆ ಅವಳ ಮಕ್ಕಳನ್ನ ಹಂಚಿಬಿಡ್ತಾರೆ, ಸರ್,” ಎಂದು ಹೇಳಿ ಹೌಗೆ ಆ ಹೆಂಗಸರ ಜೊತೆಗೇ ದೋಣಿ ಹತ್ತಿದರು.

ದಾರಿಯಲ್ಲಿ ಬ್ರೀತಾ ಕೇಳಿದಳು. “ಹಾಗಾದ್ರೆ ನಾನು ನಡೀತೀನಾ?”

“ಇಲ್ಲಮ್ಮ. ಬೆನ್ನುಹುರಿಗೆ ಏನೋ ಒತ್ತುತ್ತಿದೆ. ಅದನ್ನ ತೆಗೆಯೋ ಧೈರ್ಯ ಇಲ್ಲಿ ಯಾರಿಗೂ ಇಲ್ಲ.”

“ಅದನ್ನ ಪಾದ್ರಿ ಮುಂದೆಯೂ ಇಷ್ಟೇ ನೆಟ್ಟಗೆ ಹೇಳಿ.”

ಪಾದ್ರಿಯ ಮನೆಯಲ್ಲಿ ನಿಧಿಯ ಹಿರಿಯ ರೈತರು ಸೇರಿದ್ದರು. ಹೌಗೆ ಬ್ರೀತಾಳನ್ನು ಒಲೆಯ ಮುಂದೆ ಕೂರಿಸಿ, ಪಾದ ಬೆಚ್ಚಗಾಗುವವರೆಗೆ ಯಾರಿಗೂ ಮಾತಾಡಲು ಬಿಡಲಿಲ್ಲ. ಆಮೇಲೆ ಎಲ್ಲರ ಎದುರಿಗೆ ಗೀರಿದರು. ಹೆಬ್ಬೆರಳು ಮೇಲೆದ್ದಿತು.

“ಇದ್ಯಾವ ದೊಡ್ಡ ವಿಷಯ, ನನ್ನದೂ ಏಳತ್ತೆ,” ಎಂದು ಒಬ್ಬ ಮುದುಕ ಬೂಟು ಕಳಚಿದ. ಅವನ ಹೆಬ್ಬೆರಳು ಕೆಳಕ್ಕೆ ಬಾಗಿತು. ಅವನು ಹಟ ಹಿಡಿದು ಇನ್ನೊಂದು ಕಾಲನ್ನೂ ಕೊಟ್ಟ. ಅದೂ ಬಾಗಿತು. ಉಳಿದವರೂ ಬೂಟು ಬಿಚ್ಚತೊಡಗಿದರು. ಪಾದ್ರಿಯ ಹೆಂಡತಿ ಕಿಟಕಿ ತೆರೆದಳು.

“ಇದಕ್ಕೆ ಮುಂಚೆ ಆಸ್ಪತ್ರೆಯಿಂದ ಬಂದ ಮಾತು ಬೇರೆ ಇತ್ತಲ್ಲ ಡಾಕ್ಟ್ರೇ?” ಎಂದರು ಪಾದ್ರಿ.

“ಆ ಮಾತು ನನ್ನದೇ. ತಪ್ಪು ಹೇಳಿದ್ದೆ. ಕಾಲು ತಣ್ಣಗಿತ್ತು. ತಣ್ಣೀರಲ್ಲಿ ತೊಳೆಸಿದ್ದೂ ನಾನೇ.”

“ಅಂದ್ರೆ ಇವಳು ಸುಳ್ಳು ಹೇಳ್ತಿರಲಿಲ್ಲ.”

“ಇಲ್ಲ. ಇನ್ನು ಮುಂದೆ ನಡೆಯೋದೂ ಇಲ್ಲ.”

ಮುದುಕ ಬೂಟು ಕಟ್ಟಿಕೊಳ್ಳುತ್ತ, “ಮಕ್ಕಳು ಅವಳ ಹತ್ರಾನೇ ಇರ್ಲಿ ಬಿಡಿ. ಹಂಚಿದ್ರೆ ನಮ್ಮ ಮನೆಗೂ ಒಂದು ಬರ್ತಿತ್ತು, ತಿನ್ನೋಕೆ ನಮ್ಮವೇ ಸಾಕಷ್ಟಿವೆ,” ಎಂದ. ಉಳಿದವರೂ ಹ್ಞೂಂ ಅಂದರು.

ಬರ್ಗೆನ್ನಿನಲ್ಲಿ ಹೌಗೆ ಅವರನ್ನು ಕೆಲವು ವರ್ಷ ಆಡಿಕೊಂಡರು. ಅವರಿಗೆ ಬರಬೇಕಾಗಿದ್ದ ಮುಖ್ಯ ವೈದ್ಯರ ಸ್ಥಾನ ಬೇರೊಬ್ಬರಿಗೆ ಹೋಯಿತು. ಬ್ರೀತಾ ಮತ್ತೆ ನಡೆಯಲಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಮೀನುಬಲೆ ಹೆಣೆದಳು. ಗುರೋ ಹೌಗೆ ಅವರಿಗೆ ಹೇಳಿದಂತೆ, ಅಲ್ಲಿಂದಲೇ ಮಕ್ಕಳನ್ನು ದೋಣಿಕಟ್ಟೆಯವರೆಗೂ ಕೇಳುವ ಹಾಗೆ ಬೈಯುತ್ತಿದ್ದಳು.