ಹಿತ್ತಿಲ ಬಾಗಿಲಿನ ಹಸಿರು ಬಣ್ಣ

ಕೀಲ್ಪಾಕ್‌ನಲ್ಲಿ ನಾವು ಹನ್ನೊಂದು ವರ್ಷ ಬಾಡಿಗೆಗಿದ್ದ ಮನೆಯನ್ನು ಫ್ಲ್ಯಾಟು ಕಟ್ಟುವುದಕ್ಕಾಗಿ ಕೆಡವಿದರು. ತೊಂಬತ್ತರ ದಶಕದ ಕೊನೆ. ಆ ಹೊತ್ತಿಗೆ ಕೋಯಂಬೇಡಿನಿಂದಾಚೆ ನಮ್ಮ ಸ್ವಂತ ಮನೆಗೆ ಪಾಯ ಹಾಕಿಯಾಗಿತ್ತು. ಇನ್ಶೂರೆನ್ಸ್ ಆಫೀಸಿಗೆ ರಜೆ ಹಾಕಿ ಹಳೆಯ ಮನೆ ಕೆಡವುವುದನ್ನು ನೋಡಲು ಹೋದೆ. ಸುಣ್ಣದ ಗಾರೆಯ ಗೋಡೆ. ಹಾರೆಯಲ್ಲಿ ಮೀಟಿದರೆ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತಿತ್ತು. ಸಿಮೆಂಟು ಹಾಗೆ ಬಿಟ್ಟುಕೊಡುವುದಿಲ್ಲ, ಇಟ್ಟಿಗೆಯನ್ನೂ ಮುರಿದುಕೊಂಡೇ ಬೀಳುತ್ತದೆ. ಕಟ್ಟಿದವನು ಯಾರೋ, ಬಿಚ್ಚುವವರನ್ನೂ ನೆನೆದೇ ಕಟ್ಟಿದ್ದ ಅನ್ನಿಸಿತು. ಇಟ್ಟಿಗೆ, ಕಿಟಕಿಗಳ ಜೊತೆ ತೇಗದ ಎರಡು ಬಾಗಿಲುಗಳನ್ನು ಚೌಕಟ್ಟಿನ ಸಮೇತ ನಮ್ಮ ಹೊಸ ಮನೆಗೆಂದು ಕೊಂಡು ಲಾರಿಗೆ ಹೇರಿಸಿದೆ.

ಆಫೀಸಿನವರು ಅದಕ್ಕೆ ಗುಜರಿ ಮನೆ ಎಂದು ಹೆಸರಿಟ್ಟರು. ಇಡಲಿ, ನನಗೇನು? ಇನ್ನೂ ಮೂರು ತಲೆಮಾರು ಬಾಳುವ ಮರವನ್ನು ಒಲೆಗೆ ಹಾಕಿ ಇನ್ನೊಂದು ಮರ ಕಡಿಸುವ ದೊಡ್ಡಸ್ತಿಕೆ ನನಗೆ ಬೇಕಿರಲಿಲ್ಲ. ಸಿಕ್ಕವರಿಗೆಲ್ಲ ಅದನ್ನೇ ಹೇಳಿದೆ, ಕೇಳದವರಿಗೂ ಹೇಳಿದೆ.

ಅತ್ತೆಯ ಮುಂದೆ ಮಾತ್ರ ಆ ಭಾಷಣ ನಡೆಯಲಿಲ್ಲ. ಮಾವ ಕೀಲ್ಪಾಕ್ ಮನೆಯಲ್ಲೇ ತೀರಿಕೊಂಡಿದ್ದರು.

"ಆ ಎರಡು ಹೊಸ್ತಿಲು ದಾಟ್ಸಿನೇ ಕಣಮ್ಮ ನಿಮ್ಮಾವುನ್ನ ಹೊತ್ಕೊಂಡ್ ಹೋಗಿದ್ದು. ಒಂದು ಅವ್ರ ರೂಮಿಂದು, ಒಂದು ಮುಂದಿಂದು. ಹೊಸ ಮನೇಲಿ ಅದನ್ನ ನಾನು ದಾಟಲ್ಲ."

"ಹಂಗಾದ್ರೆ ಹಿತ್ತಿಲ ಬಾಗ್ಲಿಗೆ ಹೊಸ ಮರ ಹಾಕಿಸ್ತೀನಿ ಅತ್ತೆ. ನೀವು ಅಲ್ಲಿಂದ ಬನ್ನಿ. ಮುಂದಕ್ಕೆ ಹಳೇದೇ."

ರೈಲ್ವೆಯಲ್ಲಿದ್ದ ನನ್ನ ಗಂಡ ಇಬ್ಬರಿಗೂ ತಲೆಯಾಡಿಸಿದರು. ಗೃಹಪ್ರವೇಶದ ದಿನ ಹಸುವೂ ನೆಂಟರೂ ಮುಂಬಾಗಿಲಿನಿಂದ ಬಂದರು. ಅತ್ತೆ ಸೀರೆ ಎತ್ತಿ ಹಿಡಿದು, ಜಲ್ಲಿ ರಾಶಿ ಬಳಸಿಕೊಂಡು ಹಿತ್ತಿಲಿನಿಂದ ಬಂದರು. ಆದರೂ ನಾನು ಸೋಲಲಿಲ್ಲ.

ಮೊದಲ ಮಳೆಗಾಲಕ್ಕೇ ಹಿತ್ತಿಲ ಬಾಗಿಲಿನ ಹೊಸ ಚೌಕಟ್ಟು ಉಬ್ಬಿ ತಿರುಚಿಕೊಂಡಿತು. "ಪಚ್ಚೆ ಮರಮ್ಮಾ" ಎಂದ ಬಡಗಿ ತಮಿಳಿನಲ್ಲಿ. ಒಣಗುವ ಮೊದಲೇ ಕೊಯ್ದ ಹಸಿ ಮರ. ಅತ್ತೆ ಆಗ ಮಂಡ್ಯದಲ್ಲಿ ಮಗಳ ಮನೆಗೆ ಹೋಗಿದ್ದರು. ಬಳಸದೆ ಶೆಡ್ಡಿನಲ್ಲಿಟ್ಟಿದ್ದ ಮಾವನ ರೂಮಿನ ಬಾಗಿಲನ್ನು ಚೌಕಟ್ಟಿನ ಸಮೇತ ಅಲ್ಲಿ ಕೂರಿಸಿ, ತೂತುಗಳಿಗೆ ಪುಟ್ಟಿ ಮೆತ್ತಿ, ಹಸಿರು ಬಣ್ಣ ಹೊಡೆಸಿಬಿಟ್ಟೆ. ಅತ್ತೆ ವಾಪಸು ಬಂದು ನಾಲ್ಕು ಸಲ ತೆಗೆದು ಮುಚ್ಚಿ ನೋಡಿದರು.

"ನೋಡು, ಹೊಸದು ಅಂದ್ರೆ ಹೊಸದೇ. ಎಷ್ಟು ಸಲೀಸಾಗಿ ಕೂರುತ್ತೆ!"

ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಊರಿಗೆಲ್ಲ ಎದೆಯುಬ್ಬಿಸಿ ಹೇಳಿದವಳು ಮನೆಯೊಳಗೆ ಪುಕ್ಕಲಿಯಾದೆ. ಇವತ್ತಿಗೂ ಅದಕ್ಕೆ ನಾಚಿಕೆಯಿದೆ.

ಎರಡು ವರ್ಷದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅತ್ತೆ ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಚೌಕಟ್ಟಿನಲ್ಲಿ ಸೊಂಟದೆತ್ತರಕ್ಕೆ ಅಂಗೈಯಗಲ ಬಣ್ಣ ಎದ್ದು ಹೋಗಿತ್ತು. ಕಾಯಿಲೆಯ ದಿನಗಳಲ್ಲಿ ಮಾವ ರೂಮಿನಿಂದ ಹೊರಗೆ ಬರುವಾಗೆಲ್ಲ ಹಿಡಿದುಕೊಳ್ಳುತ್ತಿದ್ದ ಜಾಗ ಅದು. ಅವರು ಕೈಗೆ ಹಚ್ಚಿಕೊಳ್ಳುತ್ತಿದ್ದ ನೋವಿನ ಎಣ್ಣೆ ಕುಡಿದ ಮರಕ್ಕೆ ಬಣ್ಣ ಹಿಡಿದಿರಲಿಲ್ಲ. ಅತ್ತೆ ಅದರ ಮೇಲೆ ಕೈಯಿಟ್ಟುಕೊಂಡಿದ್ದರು.

"ಇದು ಅವ್ರದ್ದು."

"ಹೌದು ಅತ್ತೆ." ಜಗಳಕ್ಕೆ ಸಿದ್ಧಳಾದೆ. ಹಸಿ ಮರದ ಕಥೆ ಶುರುಮಾಡಿದೆ.

"ಅದೆಲ್ಲ ಬಿಡು. ಹಳೇದು ಹಾಕ್ದೋಳು ಎದುರಿಗೇ ಹಾಕ್ಬೇಕು. ಊರೋರ್ ಮುಂದೆ ಅಷ್ಟು ಜೋರು ಮಾಡ್ತೀಯ, ನನಗೆ ಮಾತ್ರ ಬಣ್ಣ ಬಳ್ದು ತೋರಿಸ್ತೀಯಾ?"

ತಪ್ಪಾಯ್ತು ಅಂದೆ.

"ಎರಡು ವರ್ಷ ಇದನ್ನೇ ದಾಟಿದೀನಿ. ನಂಗೇನಾಯ್ತು? ಕೆರಿ ಇದನ್ನ."

ಉಪ್ಪುಕಾಗದ ತಂದು ಉಜ್ಜುತ್ತ ಕೂತೆ. ಅತ್ತೆ ಮೆಟ್ಟಿಲ ಮೇಲೆ ಕೂತು, ಅಲ್ಲಿ ಉಳೀತು, ಇಲ್ಲಿ ಉಳೀತು ಎಂದು ಬೆರಳು ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ತೇಗದ ಬಣ್ಣ ಪೂರ್ತಿ ಕಂಡಿತು. ಊಟಕ್ಕೆ ಏಳಿ ಎಂದು ಕರೆದೆ. ಅವರು ಎದ್ದರು, ಆದರೆ ಹಿತ್ತಿಲಿನಿಂದ ಒಳಗೆ ಬರಲಿಲ್ಲ. ಬಿಸಿಲಲ್ಲೇ ಮನೆಯನ್ನು ಸುತ್ತಿಕೊಂಡು ಹೋಗಿ, ಮುಂಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡು, ಹೊಸ್ತಿಲು ದಾಟಿ ಒಳಗೆ ಬಂದರು.