ಹುಕ್ಕೇರಿಯ ಪರೀಕ್ಷೆಗೆ ಎರಡು ಹೆಸರು ಹೊತ್ತು ಹೋದದ್ದು

ಕಾವ್ಯಾ, ಬಸು, ನಿಮ್ಮವ್ವನ ಸರ್ಟಿಫಿಕೇಟಿನಲ್ಲಿ ಬೇರೆ ಹೆಸರು ಏಕಿದೆ ಎಂದು ಮೊನ್ನೆ ಕೇಳಿದಿರಿ. ನಿಮ್ಮ ಅಜ್ಜಿಯಾದ ನಾನು ಎದ್ದು ಹಿತ್ತಲಿಗೆ ಹೋದೆ. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರೀಕ್ಷೆಯ ದಿನ ಬೆಳಗಿನ ಆರಕ್ಕೆ ನಾನೂ ನಿಮ್ಮವ್ವನೂ ಮಸಗುಪ್ಪಿ ಬಿಟ್ಟೆವು. ಮನೆಯಿಂದಲೇ ಕಂಪನಿ ಕೆಲಸ ಮಾಡುವ ಅವಳು ಸಾಫ್ಟ್‌ವೇರ್ ತಪಾಸಣೆಯ ಪರೀಕ್ಷೆ ಪಾಸಾಗದಿದ್ದರೆ ಕೆಲಸ ಉಳಿಯುತ್ತಿರಲಿಲ್ಲ. ನಾಲ್ಕು ತಿಂಗಳು ರೊಟ್ಟಿ ಬಡಿಯುತ್ತಲೇ ಓದಿದ್ದಳು. ಗೋಡೆಗೆ ಅಂಟಿಸಿದ ಪ್ರಶ್ನೆ ನೋಡಿ ಅವಳು ಎ, ಬಿ ಎಂದು ಉತ್ತರದ ಅಕ್ಷರ ಹೇಳುವಳು. ನಾನು ಪುಸ್ತಕದ ಕೊನೆಯ ಪುಟ ನೋಡಿ ಸರಿಯೋ ತಪ್ಪೋ ಹೇಳುವೆ. ನನ್ನ ಸಾಲಿಯ ಓದು ಅಷ್ಟಕ್ಕೆ ಸಾಕಾಗಿತ್ತು.

ಮೂಡಲಗಿಯಲ್ಲಿ ಚಹಾ ಕುಡಿದು ಗೋಕಾಕದ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಗೋಕಾಕದಲ್ಲಿ ತುಂತುರು ಮಳೆ. ಅಲ್ಲಿಂದ ಹುಕ್ಕೇರಿಗೆ ಒಂದೂವರೆ ತಾಸು. ರೊಟ್ಟಿ, ಶೇಂಗಾ ಚಟ್ನಿ ಬಸ್ಸಿನಲ್ಲೇ ತಿಂದೆವು. ಅವಳು ಅರ್ಧ ರೊಟ್ಟಿಗೇ ಸಾಕೆಂದಳು. ಹತ್ತಕ್ಕೆ ಪರೀಕ್ಷಾ ಕೇಂದ್ರ ಮುಟ್ಟಿದೆವು.

ಮೇಜಿನ ಹಿಂದಿದ್ದ ಹೆಂಗಸು ಕಾರ್ಡನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. "ಅರ್ಜ್ಯಾಗ ಗೌರಿ ಐತಿ, ಆಧಾರದಾಗ ಸುಜಾತಾ ಐತಿ. ಇಬ್ಬರೊಳಗ ಯಾರು ಬಂದೀರಿ?" ಹಿಂದೆ ನಿಂತವರು ನಕ್ಕರು.

ಮಕ್ಕಳೇ, ಆ ಎರಡನೆಯ ಹೆಸರು ನಾನಿಟ್ಟದ್ದು. ನನ್ನ ಅತ್ತೆಯ ಹೆಸರು ಗೌರವ್ವ. ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಮನೆಗೆ ಬರುವ ಸೊಸೆಯೂ ಗೌರಿಯಾದರೆ ನಾನು ಏನೆಂದು ಕರೆಯಲಿ? ಮದುವೆಯ ದಿನವೇ ಸುಜಾತಾ ಎಂದು ಬದಲಿಸಿದೆ, ಹಟ ಹಿಡಿದು ಆಧಾರದಲ್ಲೂ ಬದಲು ಮಾಡಿಸಿದೆ. ಹಳೆಯ ಹೆಸರಿನ ಕಾಗದ ತವರಲ್ಲೇ ಇರಲಿ ಎಂದವಳೂ ನಾನೇ. ಕೆಲಸಕ್ಕೆಂದು ಅವಳು ಜೊತೆಗೆ ತಂದ ಕಾಲೇಜಿನ ಕಾಗದದಲ್ಲಿ ಮಾತ್ರ ಗೌರಿ ಉಳಿದಿತ್ತು. ಅದನ್ನು ನೋಡಿ ಅವಳು ಅರ್ಜಿ ತುಂಬಿದ್ದಳು.

ಇದನ್ನೆಲ್ಲ ನಾನು ಅಲ್ಲೇ ಹೇಳಬೇಕಿತ್ತು. ಸೆರಗು ಹಿಡಿದು ನಿಂತೆ. ನಿಮ್ಮವ್ವ ನನ್ನ ಕಡೆ ನೋಡದೆ, "ತಪ್ಪು ನಂದೈತ್ರಿ. ನಾನ ನೋಡ್ಕೊಳ್ಳಲಿಲ್ಲ" ಎಂದಳು. ನಕ್ಕವರ ನಗುವಿಗಿಂತ ಆ ಮಾತು ನನಗೆ ಹೆಚ್ಚು ಚುಚ್ಚಿತು.

ಹನ್ನೆರಡರೊಳಗೆ ಗೌರಿ ಎಂಬ ಹೆಸರಿನ ಸರ್ಕಾರಿ ಕಾರ್ಡು ತಂದರೆ ಒಳಗೆ ಬಿಡುವುದಾಗಿ ಆ ಹೆಂಗಸು ಹೇಳಿದಳು. ಮದುವೆಗೆ ಮುಂಚೆ ಮಾಡಿಸಿದ ಪ್ಯಾನ್ ಕಾರ್ಡು ಅವಳ ತವರೂರು ದಡ್ಡಿಯಲ್ಲಿ, ಅವಳ ತಾಯಿಯ ಟ್ರಂಕಿನಲ್ಲಿತ್ತು. ಅವಳು ಫೋನ್ ಮಾಡಿದಳು. ನಿಮ್ಮ ಸೋದರಮಾವ ಮಳೆಯಲ್ಲೇ ಮೋಟಾರ್ ಸೈಕಲ್ ಮೇಲೆ ಅದನ್ನು ತಂದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಅವಳು ಒಳಗೆ ಓಡಿದಳು. ಅವನು ತಲೆ ಒರೆಸಿಕೊಳ್ಳುತ್ತ, "ನೀವು ಬ್ಯಾಡಂದ ಹೆಸರ ಕೆಲಸಕ್ಕ ಬಂತ ನೋಡ್ರಿ, ಅತ್ತಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಆದರೂ ಮತ್ತೆ ಅವನ ಮುಖ ನೋಡಲು ನನಗೆ ಆಗಲಿಲ್ಲ.

ಎರಡು ಗಂಟೆಯ ಸುಮಾರಿಗೆ ಹೊರಬಂದು ಪಾಸಾದೆನೆಂದಳು. ಫಲಿತಾಂಶ ಕಂಪ್ಯೂಟರಿನ ಪರದೆಯ ಮೇಲೆ ಕೂಡಲೇ ಬರುತ್ತದಂತೆ.

ಮರಳುವಾಗ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಮೂಡಲಗಿ ಬಸ್ಸಿನ ಕಡೆ ಮುಂದೆ ನಡೆದಿದ್ದಳು. ಹಿಂದಿನಿಂದ "ಗೌರಿ" ಎಂದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದಾಗ ನಿಂತಳು.

"ಯಾರನ್ನ ಕರದ್ರಿ, ಅತ್ತಿ?"

"ನಿನ್ನ ಕರದೆ."

ಆಕೆ ಹಿಂದಕ್ಕೆ ಬಂದು ನನ್ನ ಕೈಯ ಚೀಲ ತೆಗೆದುಕೊಂಡಳು.

ಈ ಹಾಳೆಗಳನ್ನು ಅವಳ ಸರ್ಟಿಫಿಕೇಟಿನ ಜೊತೆ ಅದೇ ಫೈಲಿನಲ್ಲಿ ಜೋಪಾನವಾಗಿಡಿ. ಮುಂದೆ ಯಾರಾದರೂ ಎರಡು ಹೆಸರು ನೋಡಿ ನಕ್ಕರೆ ಇವನ್ನು ತೋರಿಸಿ. ತಪ್ಪು ಅವಳದಲ್ಲ ಎಂದು ಆ ಮೇಜಿನ ಮುಂದೆ ನಾನು ಹೇಳಲಿಲ್ಲ, ಇಲ್ಲಿ ಹೇಳಿದ್ದೇನೆ.