ಬೆನ್ನು ಮಾಡಿ ನಿಂತವಳ ಮಾತು

ನಮ್ಮ ಮನೆಯ ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದವಳು ನನ್ನ ಹೆಂಡತಿ. ಕವರಿನ ಮೇಲೆ ಅರಿಸಿನದ ಬೆರಳಚ್ಚು ಇನ್ನೂ ಇದೆ. ಒಂದೇ ಒಂದು ಬಟನ್ನಿನ ಜಾಗದಲ್ಲಿ ಅದು ಸವೆದು ತೂತಾಗಿದೆ. ಓಡುವ ಚಿತ್ರವನ್ನು ನಿಲ್ಲಿಸುವ ಬಟನ್ ಅದು. ಈ ಶುಕ್ರವಾರ ಮಧ್ಯಾಹ್ನ ಟೀಪಾಯಿ ಒರೆಸುವಾಗ ರಿಮೋಟು ಕೈಗೆ ಬಂತು. ಹೊರಗೆ ಮರಳುಗಾಳಿ ಎದ್ದು, ಕೊಲ್ಲಿ ದೇಶದ ಈ ಅಲ್ ಸದ್ದ್ ಬಡಾವಣೆಯಲ್ಲಿ ನಮ್ಮ ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ಹಾಲ್‌ನೊಳಗಿನ ಬೆಳಕೆಲ್ಲ ಚಹಾದ ಬಣ್ಣಕ್ಕೆ ತಿರುಗಿತ್ತು.

ಆ ತೂತು ಹೇಗಾಯಿತೆಂದು ಹೇಳಬೇಕಾದರೆ ಜಪಾನಿನ ಕಾರ್ಟೂನ್ ಚಿತ್ರಗಳ ವಿಷಯ ಹೇಳಬೇಕು. ಕಾರ್ಟೂನ್ ಎಂದರೆ ಸಿಟ್ಟಾಗುವವರಿದ್ದಾರೆ ಎಂದು ನನಗೀಗ ಗೊತ್ತು. ಮೊದಲು ಸಿಟ್ಟಾದವನು ನಮ್ಮ ಸೈಟಿನ ಇಂಗ್ಲಿಷ್ ಎಂಜಿನಿಯರ್. ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟಾಗ ಆತ ನನಗೊಂದು ಹಾರ್ಡ್ ಡಿಸ್ಕ್ ಕೊಟ್ಟ. ನಲವತ್ತು ಚಿತ್ರಗಳಿದ್ದವು. "ಏನೂ ನಡೆಯದ ಜಾಗಗಳು ಬರುತ್ತವೆ. ಗಾಳಿ ಬೀಸುತ್ತದೆ, ನೀರು ಹರಿಯುತ್ತದೆ, ಅಷ್ಟೇ. ಅದನ್ನು ಓಡಿಸಿಬಿಡಬೇಡ. ನಮ್ಮ ಕಡೆಯವರಿಗೆ ಅದನ್ನು ನೋಡಲು ಕಲಿಯುವುದೇ ಕಷ್ಟ" ಎಂದಿದ್ದ. ಅಂಥ ಚಿತ್ರಗಳಲ್ಲಿ ಸತ್ತವರು ಮನೆಯೊಳಗೆ ಓಡಾಡಿಕೊಂಡಿರುವುದು ಅವನಿಗೆ ಕೊನೆಯವರೆಗೂ ಬಿಡಿಸಲಾಗದ ಒಗಟು. ಅದು ದೆವ್ವವೋ ನೆನಪೋ ಎಂದು ನನ್ನನ್ನು ಕೇಳುತ್ತಿದ್ದ. ಐ.ಟಿ.ಐ. ಓದಿ ಪೈಪು ಜೋಡಿಸುವವರ ಮೇಲೆ ಸೂಪರ್‌ವೈಸರ್ ಆದ ನಾನು ಏನು ಹೇಳಲಿ?

ನನ್ನ ಹೆಂಡತಿಗೆ ಅದು ಒಗಟೇ ಆಗಿರಲಿಲ್ಲ. "ಅಮಾಸಿಗೆ ಹಿರ್ಯಾರಿಗೆ ಎಡಿ ಇಡೂದಿಲ್ಲೇನ್ರಿ ನಾವು? ಅವ್ರೂ ಹಂಗ. ಮನ್ಯಾಗ ಇದ್ದವ್ರು ಮನ್ಯಾಗ ಇರ್ತಾರ" ಅಂದಳು.

ಅವಳು ಗದಗಿನಲ್ಲಿ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲು ಅವಳಿಗೆ ಹತ್ತುತ್ತಿರಲಿಲ್ಲ. ಹಾಗಾಗಿ ನಾನು ಓದಿ ಕನ್ನಡದಲ್ಲಿ ಹೇಳಬೇಕು. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಒಂದು ಸಾಲು ಕನ್ನಡಕ್ಕೆ ಬರುವಷ್ಟರಲ್ಲಿ ಮೂರು ಸಾಲು ಓಡಿಹೋಗುತ್ತಿದ್ದವು. ಅವಳು ಬಟನ್ ಒತ್ತಿ ಚಿತ್ರ ನಿಲ್ಲಿಸಿ, "ಅಕಿ ಏನಂತಾಳ್ರಿ?" ಎಂದು ಕೇಳುತ್ತಿದ್ದಳು. ತಿಳಿಯದ ಕಡೆ ನಾನೇ ಏನಾದರೂ ಸೇರಿಸಿ ಹೇಳುತ್ತಿದ್ದೆ. ಶುಕ್ರವಾರದ ಊಟವಾದ ಮೇಲೆ, ಕಿಟಕಿಯ ಪರದೆ ಎಳೆದುಕೊಂಡು, ನಾವಿಬ್ಬರೂ ಜಪಾನಿಗೆ ಹೋಗುತ್ತಿದ್ದದ್ದು ಹೀಗೆ. ಒಂದೂವರೆ ಗಂಟೆಯ ಚಿತ್ರ ಮುಗಿಯಲು ನಾಲ್ಕು ಗಂಟೆ. ಮುಗಿದ ಮೇಲೆ ಅವಳು "ಖಲಾಸ್ ಆತೇನ್ರಿ?" ಎಂದು ಎದ್ದು ಚಹಾಕ್ಕೆ ಇಡುತ್ತಿದ್ದಳು.

ಅದರಲ್ಲೊಂದು ಚಿತ್ರ ಉಪ್ಪಿನ ಗದ್ದೆಗಳ ಪಕ್ಕದ ಒಂಟಿ ಮನೆಯದು. ಒಬ್ಬಳು ಸಣ್ಣ ಹುಡುಗಿ ಅಲ್ಲಿರಲು ಬರುತ್ತಾಳೆ. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಯಾವಾಗಲೂ ಬೆನ್ನು ಮಾಡಿ ನಿಂತು ಅಕ್ಕಿ ತೊಳೆಯುತ್ತಿರುತ್ತಾಳೆ. ಮುಖ ಕಾಣಿಸುವುದೇ ಇಲ್ಲ. ಆಕೆ ತನ್ನ ಸತ್ತ ತಾಯಿ ಎಂಬುದು ಹುಡುಗಿಗೆ ಮೆಲ್ಲಗೆ ತಿಳಿಯುತ್ತದೆ. ಕೊನೆಯಲ್ಲಿ ಹೆಂಗಸು, ತಿರುಗದೆಯೇ, ಒಂದು ಮಾತು ಹೇಳುತ್ತಾಳೆ. "ನಾಳೆಯಿಂದ ನಾನು ಬರುವುದಿಲ್ಲ. ಅಕ್ಕಿ ನೀನೇ ತೊಳೆಯಬೇಕು."

ನಾವು ಆ ಚಿತ್ರ ಹಾಕಿದ್ದು ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಮಾತಾಡಿದ ವಾರ. ಇನ್ನು ಆರು ತಿಂಗಳು ಎಂದಿದ್ದರು. ನಾನದನ್ನು ಅವಳಿಗೆ ಹೇಳಿರಲಿಲ್ಲ. ರಕ್ತ ಕಡಿಮೆಯಾಗಿದೆ, ಗುಳಿಗೆ ಕೊಟ್ಟಿದ್ದಾರೆ ಎಂದಿದ್ದೆ. ಪರದೆಯ ಮೇಲೆ ಆ ಸಾಲು ಬಂತು. ಅವಳು ಬಟನ್ ಒತ್ತಿದಳು.

"ಅಕಿ ಏನಂತಾಳ್ರಿ?"

"ನಾಳೆ ಬರೂದು ಸ್ವಲ್ಪ ತಡಾ ಆಕ್ಕತಿ, ನೀನ ಅನ್ನಕ್ಕ ಇಡು ಅಂತಾಳ" ಎಂದೆ. ಹೇಳಿದ್ದೇ ಟಿ.ವಿ. ಆರಿಸಿಬಿಟ್ಟೆ.

ಆಮೇಲೆ ಎರಡು ಶುಕ್ರವಾರ ಅವಳು ಅದೇ ಚಿತ್ರ ಹಾಕಿಸಿದಳು. ಎರಡು ಸಲವೂ ಆ ಜಾಗದಲ್ಲಿ ನಿಲ್ಲಿಸಿ ಕೇಳಿದಳು. ನಾನು ಎರಡು ಸಲವೂ ಅದನ್ನೇ ಹೇಳಿ ಆರಿಸಿದೆ. ಆಗ ಅವಳು ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಚಿತ್ರ ಅಷ್ಟು ಹಿಡಿಸಿದೆ ಎಂದುಕೊಂಡೆ ನಾನು, ದಡ್ಡ.

ಆ ದಿನಗಳಲ್ಲಿ ಸೈಟಿನಿಂದ ಬಂದು ಬಾಗಿಲು ತೆರೆದರೆ ಅವಳು ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಿರುತ್ತಿದ್ದಳು. ಸೊರಗಿದ ಬೆನ್ನು. ನೀರಿನ ಸದ್ದು. ಅವಳು ತಿರುಗಿದಾಗ ಅಲ್ಲಿ ಯಾವ ಮುಖ ಇರುತ್ತದೋ ಎಂದು, ಹದಿನೆಂಟು ವರ್ಷ ಸಂಸಾರ ಮಾಡಿದ ನನಗೆ, ಹೆದರಿಕೆಯಾಗುತ್ತಿತ್ತು.

ಅವಳು ಹೋಗಿ ಎಂಟು ತಿಂಗಳಾಯಿತು. ಗದಗಿಗೆ ಒಯ್ದು ಎಲ್ಲ ಮುಗಿಸಿ ಒಬ್ಬನೇ ವಾಪಸು ಬಂದೆ. ಬೇರೇನೂ ತೋಚದೆ ಶುಕ್ರವಾರ ಚಿತ್ರ ಹಾಕುತ್ತಿದ್ದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮಾತು ಬಂದು ಹೋದ ಮೇಲಿನ ಆ ಸಣ್ಣ ಬಿಡುವಿನಲ್ಲಿ "ಅಕಿ ಏನಂತಾಳ್ರಿ?" ಎಂಬುದು ಕೇಳುತ್ತಿತ್ತು. ಎಡಗಡೆಯಿಂದ, ಅವಳು ಕೂರುತ್ತಿದ್ದ ಕಡೆಯಿಂದ. ನಾನು ಖಾಲಿ ಹಾಲ್‌ಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಉಪ್ಪಿನ ಗದ್ದೆಯ ಚಿತ್ರವೂ ಬಂತು. ಅಲ್ಲಿಯೂ ಹಳೆಯ ಸುಳ್ಳನ್ನೇ ಹೇಳಿ ಆರಿಸಿದೆ.

ಹೋದ ವಾರ ಪಕ್ಕದ ಫ್ಲ್ಯಾಟಿನ ಸಫಾ ಬಂದಿದ್ದಳು. ಪುತ್ತೂರು ಕಡೆಯವರ ಮಗಳು. ಹನ್ನೆರಡನೇ ಕ್ಲಾಸು. ಅವಳ ತಾಯಿ ಬಿರಿಯಾನಿ ಕಳಿಸಿದ್ದರು. ಟಿ.ವಿ.ಯಲ್ಲಿ ಉಪ್ಪಿನ ಗದ್ದೆ ನೋಡಿ ನಿಂತಳು.

"ಅಂಕಲ್, ಈಗ್ಲೂ ಇದೇ ಮೂವಿಯಾ?"

"ನಿನಗ ಗೊತ್ತೈತೇನವಾ ಇದು?"

"ಎಂತ ಅಂಕಲ್, ನಾನೂ ಆಂಟಿಯೂ ನೋಡಿದ್ದೇವಲ್ಲ, ಸ್ಕೂಲಿಂದ ಬಂದ ಮೇಲೆ. ಫ್ರೈಡೇ ನೀವು ಹೇಳಿದ್ದನ್ನು ಆಂಟಿ ನನ್ನತ್ರ ಚೆಕ್ ಮಾಡುದು." ನಕ್ಕಳು. "ನಿಮ್ಮ ಟ್ರಾನ್ಸ್‌ಲೇಷನ್ ಫುಲ್ ರಾಂಗ್. ಆದ್ರೆ ಸ್ಟೋರಿ ನಿಮ್ದೇ ಚಂದ ಉಂಟು ಅಂತಿದ್ರು."

"ಕಡೀ ಮಾತೂ ಕೇಳಿದ್ಲೇನು?"

ಹುಡುಗಿಯ ನಗು ನಿಂತಿತು. "ಕೇಳಿದ್ರು. ಎರಡು ಸಲ ಹೇಳಿಸಿದ್ರು. ಮತ್ತೆ ಹೇಳಿದ್ರು…" ಸಫಾ ಜ್ಞಾಪಿಸಿಕೊಂಡು ಒಂದೊಂದೇ ಶಬ್ದ ಒಪ್ಪಿಸಿದಳು. "'ನಿಮ್ಮ ಅಂಕಲ್‌ಗ ಹೇಳಬ್ಯಾಡವಾ. ಭಾಳ ಕಷ್ಟಪಟ್ಟು ಬ್ಯಾರೆ ಮಾಡ್ಯಾರ.'"

ಕರಾವಳಿ ಕಡೆಯ ಆ ಹುಡುಗಿಯ ಬಾಯಲ್ಲಿ ನನ್ನ ಹೆಂಡತಿಯ ಮಾತು, ಅದೇ ಎಳೆತ, ಅದೇ ಇಳಿತ. ಸಫಾ ಹೋದ ಮೇಲೂ ಬಿರಿಯಾನಿಯ ಡಬ್ಬಿ ಹಿಡಿದುಕೊಂಡೇ ಇದ್ದೆ.

ಆಸ್ಪತ್ರೆಗೆ ಸೇರಿಸಲು ಹೊರಟ ದಿನ, ಲಿಫ್ಟಿನಲ್ಲಿ, ಅವಳು ನನ್ನ ಕಡೆ ತಿರುಗಿ ಹೇಳಿದ್ದಳು. "ನಾಳೆ ಬರೂದು ಸ್ವಲ್ಪ ತಡಾ ಆಕ್ಕತಿ. ನೀವ ಅನ್ನಕ್ಕ ಇಡ್ರಿ." ಟೆಸ್ಟುಗಳ ವಿಷಯ ಹೇಳುತ್ತಿದ್ದಾಳೆಂದು ನಾನು ಹೂಂ ಅಂದಿದ್ದೆ. ನಾನು ಹೇಳಿದ ಸುಳ್ಳನ್ನೇ, ಒಂಚೂರೂ ಕೆಡಿಸದೆ, ನನಗಾಗಿ ಇಟ್ಟುಕೊಂಡು ಕಾದಿದ್ದಳು. ಅದನ್ನು ಹೇಳುವಾಗ ಒಳಗೆ ಎಷ್ಟು ಒಂಟಿಯಾಗಿದ್ದಳೋ.

ಈ ಶುಕ್ರವಾರ ಒರೆಸುವ ಬಟ್ಟೆ ಕೆಳಗಿಟ್ಟು ಚಿತ್ರ ಹಾಕಿದೆ. ಆ ಜಾಗ ಬಂತು. ಎಡಗಡೆಯಿಂದ ಅವಳು ಕೇಳಿದಳು. ನಾನು ಹೇಳಿದೆ. "ನಾಳಿಂದ ನಾ ಬರೂದಿಲ್ಲ ಅಂತಾಳ. ಅಕ್ಕಿ ನೀನ ತೊಳೀಬೇಕು ಅಂತಾಳ."

ಮತ್ತೆ ಯಾರೂ ಏನೂ ಕೇಳಲಿಲ್ಲ. ಎ.ಸಿ. ತನ್ನ ಪಾಡಿಗೆ ಗೊರಗುಟ್ಟುತ್ತಿತ್ತು.

ಟಿ.ವಿ. ಆರಿಸಲಿಲ್ಲ. ಆ ಮಾತಿನ ಆಚೆ ಚಿತ್ರ ಇನ್ನೂ ಇತ್ತು. ಇಷ್ಟು ದಿನ ಅದನ್ನು ನಾನೂ ನೋಡಿರಲಿಲ್ಲ, ಅವಳಿಗೂ ತೋರಿಸಿರಲಿಲ್ಲ. ಖಾಲಿ ಅಡುಗೆಮನೆ, ಉಪ್ಪಿನ ಗದ್ದೆಯ ಮೇಲೆ ಗಾಳಿ. ಬಹಳ ಹೊತ್ತಿನ ಮೇಲೆ ಹುಡುಗಿ ಬರುತ್ತಾಳೆ. ನಮಗೆ ಬೆನ್ನು ಮಾಡಿ ನಿಂತು ಅಕ್ಕಿಗೆ ನೀರು ಸುರಿಯುತ್ತಾಳೆ. ಹಿಂದಿನಿಂದ ನೋಡಿದರೆ ತಾಯಿಯೋ ಮಗಳೋ ಹೇಳಲಾಗದು.

ಎದ್ದು ಅಡುಗೆಮನೆಗೆ ಹೋದೆ. ಒಬ್ಬನಿಗಾಗುವಷ್ಟು ಅಕ್ಕಿ ಹಾಕಿಕೊಂಡು ನಲ್ಲಿ ಬಿಟ್ಟೆ. ಹಾಲ್‌ನಲ್ಲಿ ಯಾರೋ ಸೋಫಾದ ಮೇಲೆ ಸರಿದು ಕೂತ ಸದ್ದಾಯಿತು. ನಾನು ತಿರುಗಲಿಲ್ಲ. ನೀರು ತಿಳಿಯಾಗುವವರೆಗೂ ತೊಳೆಯುತ್ತ ನಿಂತೆ.